ಕಲ್ಲಿನ ಸಂಗಡ ಬಂದವರು ಯಾರು? ಲೈವ್ ರಾಕ್‌ನ ಜೀವಿಗಳನ್ನು ಗುರುತಿಸುವ ಬಗೆ

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಕಲಬುರಗಿ ಕಡೆಯ ರೈತರು ಸಾಲಿನ ನಡುವೆ ಪ್ಲಾಸ್ಟಿಕ್ ಹಾಳೆ ಹಿಡಿದು ಗಿಡ ಅಲುಗಾಡಿಸುತ್ತಾರೆ. ಕಾಯಿಕೊರಕ ಹುಳು ಹಾಳೆಗೆ ಉದುರುತ್ತದೆ. ಅದರ ಜೊತೆ ಜೇಡ, ಗುಲಗಂಜಿ ಹುಳು ಕೂಡ ಬೀಳುತ್ತವೆ. ತಿಳಿದವರು ಅವನ್ನು ಆರಿಸಿ ಹೊಲಕ್ಕೇ ಬಿಡುತ್ತಾರೆ. ಸಮುದ್ರದ ನೀರಿನ ಅಕ್ವೇರಿಯಂಗೆ ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ನೆಲೆಸಿದ ತೂತುತೂತಾದ ಕಲ್ಲು ತರಿಸಿದವರು ಮಾಡಬೇಕಾದ ಕೆಲಸವೂ ಇದೇ: ಮೊದಲು ಉದುರಿಸು, ಆಮೇಲೆ ಗುರುತಿಸು, ಕೊನೆಗೆ ಆರಿಸು. ಈ ಕ್ರಮ ತಪ್ಪಿದಾಗಲೇ ನಷ್ಟವಾಗುವುದು.

ಕಲ್ಲಿನ ತೂತುಗಳಲ್ಲಿ ಅಡಗಿ ಬರುವ ಜೀವಿಗಳಿಗೆ ಹವ್ಯಾಸಿಗಳು ಹಿಚ್‌ಹೈಕರ್ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ತೊಟ್ಟಿಗೆ ಉಪಕಾರ ಮಾಡುವಂಥವು. ಆದರೆ ಹೊಸಬರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಮುಳ್ಳುಮುಳ್ಳಾಗಿ ಕಾಣುವ ಹುಳುವನ್ನು ಹೆದರಿ ಕೊಲ್ಲುತ್ತಾರೆ. ಹೂವಿನಂತೆ ಅರಳಿದ ಐಪ್ಟೇಸಿಯಾ ಎಂಬ ಕುಟುಕುವ ಕಡಲ ಅನಿಮೋನನ್ನು ಖುಷಿಯಿಂದ ಸಾಕುತ್ತಾರೆ. ಆರು ತಿಂಗಳಲ್ಲಿ ಕಲ್ಲಿನ ತುಂಬ ಆ ಹೂವೇ ಇರುತ್ತದೆ, ಪಕ್ಕದ ಹವಳ ಸುಟ್ಟುಹೋಗಿರುತ್ತದೆ.

ಕಲ್ಲು ಕೊಳ್ಳುವ ಮೊದಲು

ನಮ್ಮ ಕಡಲುಗಳಿಂದ ಕಿತ್ತು ತಂದ ಹವಳಗಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಗಟ್ಟಿ ಹವಳ, ಸಮುದ್ರ ಸೌತೆ, ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನಿನ ಕಲ್ಲು ಮನೆಗೆ ಬರಬಾರದು. ಆಮದಾದ ಕಲ್ಲಾದರೆ ಬಿಲ್ಲು ಮತ್ತು ಕಾಗದಪತ್ರ ಕೇಳಿ. ಅದಕ್ಕಿಂತ ಒಳ್ಳೆಯ ದಾರಿ, ಕೈಯಿಂದ ಮಾಡಿದ ರಂಧ್ರಯುಕ್ತ ಕಲ್ಲನ್ನು ಬೇರೊಬ್ಬರ ಹಳೆಯ ತೊಟ್ಟಿಯಲ್ಲಿ ಕೆಲವು ತಿಂಗಳು ಇಟ್ಟು ಜೀವ ತುಂಬಿಸಿಕೊಂಡು ತರುವುದು. ಅದರ ಸಂಗಡವೂ ಜೀವಿಗಳು ಬಂದೇ ಬರುತ್ತವೆ, ಆದ್ದರಿಂದ ಮುಂದಿನ ಮಾತೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಅಲ್ಲವೇ, ಅದನ್ನೇ ಹಾಕಿದರಾಗದೇ ಎಂಬ ಪ್ರಶ್ನೆ ಈ ಭಾಗದಲ್ಲಿ ಬರುವುದು ಸಹಜ. ಆಗುವುದಿಲ್ಲ. ಅದು ಒತ್ತಾದ ಪದರಗಲ್ಲು. ಬ್ಯಾಕ್ಟೀರಿಯಾ ನೆಲೆಸುವ ಒಳರಂಧ್ರಗಳು ಅದರಲ್ಲಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆಯಲ್ಲಿ ತೂತು ಧಾರಾಳ, ಆದರೆ ಅದು ಕಬ್ಬಿಣದಿಂದ ತುಂಬಿದ ಕಲ್ಲು, ನೀರಿನಲ್ಲಿ ಪುಡಿಯೂ ಉದುರುತ್ತದೆ.

ಕಲ್ಲು ತರಿಸುವ ಕಾಲ ನವೆಂಬರಿನಿಂದ ಫೆಬ್ರುವರಿ ಮೊದಲ ವಾರದವರೆಗೆ. ಹೈದರಾಬಾದಿನಿಂದ ಬೀದರಿಗೆ ಮೂರು ನಾಲ್ಕು ತಾಸಿನ ದಾರಿ. ಮುಂಬೈ, ಬೆಂಗಳೂರಿನಿಂದ ಕಲಬುರಗಿಗೋ ಯಾದಗಿರಿಗೋ ಬರಬೇಕಾದರೆ ಒಂದು ರಾತ್ರಿಯೇ ಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಪೆಟ್ಟಿಗೆ ಒಂದು ತಾಸು ನಿಲ್ದಾಣದಲ್ಲಿ ಬಿದ್ದಿದ್ದರೂ ಒಳಗಿನ ಸ್ಪಂಜು, ಏಡಿ, ಹುಳುಗಳೆಲ್ಲ ಸತ್ತು ಕೊಳೆಯಲು ಶುರುವಾಗುತ್ತವೆ.

ಪೊಟ್ಟಣ ಬರುವ ಎರಡು ದಿನ ಮೊದಲೇ ಪ್ರತ್ಯೇಕ ಟಬ್ ಸಿದ್ಧವಿರಲಿ. ಕಲ್ಲನ್ನು ನೇರವಾಗಿ ಮುಖ್ಯ ತೊಟ್ಟಿಗೆ ಹಾಕಿದವರಿಗೆ ಆಮೇಲೆ ಒಂದು ಏಡಿ ಹಿಡಿಯಲು ಇಡೀ ತೊಟ್ಟಿ ಕಳಚಬೇಕಾಗುತ್ತದೆ. ಐದಾರು ಕಿಲೋ ಕಲ್ಲಿಗೆ 60 ಲೀಟರಿನ ಬಿಳಿ ಅಥವಾ ತಿಳಿಬಣ್ಣದ ಪ್ಲಾಸ್ಟಿಕ್ ಟಬ್ ಸಾಕು. ಅದಕ್ಕೆ 40 ಲೀಟರ್ ಆರ್‌ಒ ನೀರು ತುಂಬಿ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) ಸೊನ್ನೆಯ ಹತ್ತಿರವಿರಬೇಕು. ಕುಡಿಯುವ ನೀರಿನ ಸಾದಾ ಆರ್‌ಒ ಯಂತ್ರದಲ್ಲಿ ರುಚಿಗೆಂದು ಬೋರ್ ನೀರನ್ನು ಸ್ವಲ್ಪ ಬೆರೆಸುವ ಕವಾಟವಿರುತ್ತದೆ, ಅದನ್ನು ಪೂರ್ತಿ ಮುಚ್ಚಿ. ಲೀಟರಿಗೆ 35ರಿಂದ 38 ಗ್ರಾಂನಂತೆ ಒಟ್ಟು ಒಂದೂವರೆ ಕಿಲೋ ಅಕ್ವೇರಿಯಂ ಸಮುದ್ರ ಉಪ್ಪು ಬೇಕು. ಅಡುಗೆ ಉಪ್ಪು ನಡೆಯದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲ. ಪಂಪ್ ಓಡಿಸಿ ಒಂದು ದಿನ ಕಲಕಿದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬರಬೇಕು, ಉಷ್ಣತೆ 25ರಿಂದ 26 ಡಿಗ್ರಿ ಇರಬೇಕು. ತಾಮ್ರದ ಬಿಂದಿಗೆ, ಹಿತ್ತಾಳೆ ಪಾತ್ರೆ ಈ ನೀರಿನ ಹತ್ತಿರವೂ ಸುಳಿಯಬಾರದು. ತಾಮ್ರ ಅತಿ ಸ್ವಲ್ಪ ಕರಗಿದರೂ ಬೆನ್ನೆಲುಬಿಲ್ಲದ ಜೀವಿಗಳು ಸಾಯುತ್ತವೆ.

ಇನ್ನು ಸಾಮಾನು: ಒಂದಡಿ ಉದ್ದದ ಪ್ಲಾಸ್ಟಿಕ್ ಚಿಮಟ, ಮೊಣಕೈವರೆಗಿನ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, 60 ಎಂಎಲ್ ಸಿರಿಂಜು, ಸರಾಫರು ಬಳಸುವ 10 ಪಟ್ಟಿನ ಭೂತಗನ್ನಡಿ, ಟಾರ್ಚು, ಅದಕ್ಕೆ ಸುತ್ತಲು ಕೆಂಪು ಸೆಲ್ಲೋಫೇನ್ ಹಾಳೆ, ಮೂರು ಬಕೆಟ್, ಒಂದು ನೋಟ್‌ಬುಕ್.

ಕುದಿಸಬೇಡಿ, ಉಜ್ಜಬೇಡಿ

ಕಲ್ಲು ಮುಟ್ಟುವ ಮೊದಲೇ ಹೇಳಬೇಕಾದ ಮಾತು ಇದು. ಜೀವಿಗಳನ್ನು ಒಮ್ಮೆಗೇ ಮುಗಿಸಿಬಿಡೋಣ ಎಂದು ಕಲ್ಲನ್ನು ಬಿಸಿನೀರಿಗೆ ಹಾಕುವುದು, ಒಲೆಯ ಮೇಲೆ ಕುದಿಸುವುದು, ರಭಸದ ನೀರು ಹಾಯಿಸಿ ತೊಳೆಯುವುದು ಜೀವಕ್ಕೇ ಅಪಾಯ. ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಕಂದು ಅಥವಾ ಹಸಿರು ಮೊಗ್ಗುಗಳು ಗುಂಪಾಗಿದ್ದು, ಪ್ರತಿಯೊಂದರ ಅಂಚಿಗೂ ಗಿಡ್ಡ ಎಳೆಗಳಿದ್ದರೆ ಅವು ಪ್ಯಾಲಿಥೋವಾ ಎಂಬ ಹವಳದಂಥ ಜೀವಿಗಳಾಗಿರಬಹುದು. ಅವುಗಳಲ್ಲಿ ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. ಪ್ರಕೃತಿಯಲ್ಲಿ ತಿಳಿದಿರುವ ಅತಿ ಉಗ್ರ ವಿಷಗಳಲ್ಲಿ ಅದೂ ಒಂದು, ಬಿಸಿಗೆ ನಾಶವಾಗುವುದೂ ಇಲ್ಲ. ಕುದಿಸಿದರೆ ಆವಿಯ ಹನಿಗಳಲ್ಲಿ ಸೇರಿ ಮನೆಯವರೆಲ್ಲರ ಶ್ವಾಸಕ್ಕೆ ಹೋಗುತ್ತದೆ. ಬ್ರಷ್ಷಿನಿಂದ ಉಜ್ಜಿದರೆ ಕಣ್ಣಿಗೆ ಸಿಡಿಯುತ್ತದೆ. ಬಾಯಲ್ಲಿ ಲೋಹದ ಕಹಿ, ನಾಲಿಗೆ ಜೋಮು, ಜ್ವರ, ಮೈಕೈ ನೋವು, ಉಸಿರಾಟದ ಕಷ್ಟ, ಕಣ್ಣು ಉರಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರಿಗೆ ‘ಸಮುದ್ರದ ಅಕ್ವೇರಿಯಂ ಕಲ್ಲು, ಪ್ಯಾಲಿಟಾಕ್ಸಿನ್’ ಎಂದು ಹೆಸರು ಹಿಡಿದೇ ಹೇಳಿ. ಇದಕ್ಕೆ ಪ್ರತಿವಿಷವಿಲ್ಲ. ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ, ಆದ್ದರಿಂದ ಕಾರಣ ಬೇಗ ಗೊತ್ತಾಗುವುದು ಮುಖ್ಯ.

ಶಂಕುವಿನ ಆಕಾರದ, ಉದ್ದನೆಯ ಕಿರಿದಾದ ಬಾಯಿಯ ಚಿಪ್ಪಿನ ಬಸವನಹುಳು ಕಂಡರೆ ಅದು ಎಷ್ಟೇ ಚಂದವಿದ್ದರೂ ಕೈಯಲ್ಲಿ ಎತ್ತಬೇಡಿ. ಶಂಕುಬಸವ ಬಾಣದಂಥ ಹಲ್ಲಿನಿಂದ ವಿಷ ಚುಚ್ಚುತ್ತದೆ, ದೊಡ್ಡ ಜಾತಿಗಳ ಚುಚ್ಚಿಗೆ ಮನುಷ್ಯರು ಸತ್ತಿದ್ದಾರೆ. ಚಿಮಟದಿಂದ ತೆಗೆಯಿರಿ. ಕೈಗವಸನ್ನು ಚುಚ್ಚಿಕೊಂಡು ಬರುವ ಶಕ್ತಿ ಅದಕ್ಕಿದೆ.

ಪೊಟ್ಟಣ ಬಿಚ್ಚುವ ದಿನ

ಮೊದಲ ಸುಳಿವು ಕಲ್ಲಿಗಿಂತ ಹೆಚ್ಚಾಗಿ ಚೀಲದ ತಳದ ನೀರಿನಲ್ಲಿರುತ್ತದೆ. ಅದನ್ನು ಚೆಲ್ಲದೆ ಬಿಳಿ ಪರಾತಕ್ಕೆ ಸುರಿದು ಹತ್ತು ನಿಮಿಷ ನೋಡಿ. ಒದ್ದೆ ಪತ್ರಿಕೆ ಸುತ್ತಿ ಕಳಿಸಿದ್ದರೆ ಆ ಹಾಳೆಯ ಮಡಿಕೆಗಳನ್ನೂ ಬಿಡಿಸಿ ನೋಡಿ.

ಆಮೇಲೆ ಮೂರು ಬಕೆಟ್ಟಿನ ಕೆಲಸ. ಮೊದಲನೆಯದರಲ್ಲಿ ಟಬ್ಬಿನದೇ ಸಾಂದ್ರತೆಯ ಉಪ್ಪುನೀರು. ಕಲ್ಲನ್ನು ಅದರಲ್ಲಿ ಮುಳುಗಿಸಿ ನಿಧಾನವಾಗಿ ಅಲುಗಾಡಿಸಿ. ಕೊಳೆ, ಸತ್ತ ಸ್ಪಂಜಿನ ತುಂಡು ಉದುರುತ್ತವೆ. ಎರಡನೆಯದು ಹೆಚ್ಚು ಉಪ್ಪಿನ ನೀರು. 10 ಲೀಟರ್ ಆರ್‌ಒ ನೀರಿಗೆ ಸುಮಾರು 550 ಗ್ರಾಂ ಉಪ್ಪು ಹಾಕಿ, ಸಾಂದ್ರತೆ 1.035ರಿಂದ 1.040ರ ಒಳಗಿರಲಿ. ಕಲ್ಲನ್ನು ಇದರಲ್ಲಿ ಒಂದೇ ಒಂದು ನಿಮಿಷ ಅದ್ದಿ ಅಲುಗಾಡಿಸಿ ಎತ್ತಿ. ಏಡಿ, ಸೀಗಡಿ, ಮ್ಯಾಂಟಿಸ್ ಸೀಗಡಿ, ಹುಳು ತಡೆಯಲಾರದೆ ತೂತಿನಿಂದ ಹೊರಬೀಳುತ್ತವೆ. ತೊಗರಿ ಗಿಡ ಅಲುಗಾಡಿಸಿದಂತೆಯೇ ಇದು ಕೂಡ, ಒಳ್ಳೆಯದೂ ಕೆಟ್ಟದ್ದೂ ಕೂಡಿಯೇ ಬೀಳುತ್ತವೆ. ಬಿದ್ದವನ್ನು ಕೂಡಲೇ ಬಲೆಯಿಂದ ಎತ್ತಿ ಮೂರನೆಯ ಬಕೆಟ್ಟಿನ ಸಾದಾ ಉಪ್ಪುನೀರಿಗೆ ಬಿಡಿ. ಎರಡನೆಯ ಬಕೆಟ್ಟಿನ ನೀರಿನಲ್ಲಿ ಅವನ್ನು ಹೆಚ್ಚು ಹೊತ್ತು ಬಿಟ್ಟರೆ ಗುರುತಿಸುವ ಮೊದಲೇ ಸಾಯುತ್ತವೆ. ಕಲ್ಲಿನ ಮೇಲೆ ಹವಳ ಅಂಟಿಕೊಂಡಿದ್ದರೆ ಎರಡನೆಯ ಬಕೆಟ್ ಬೇಡ.

ನಳದ ನೀರು, ಬೋರ್ ನೀರಿನಲ್ಲಿ ಯಾವ ಹಂತದಲ್ಲೂ ತೊಳೆಯಬೇಡಿ. ಸಿಹಿನೀರು ತಾಗಿದರೆ ತೂತಿನೊಳಗಿನ ಜೀವಿಗಳು ಅಲ್ಲೇ ಸತ್ತು ಅಲ್ಲೇ ಕೊಳೆಯುತ್ತವೆ, ಹೊರಗೆ ಬರುವುದಿಲ್ಲ.

ಕಲ್ಲಿಗೆಲ್ಲ ದಾರ ಕಟ್ಟಿ ಒಂದು, ಎರಡು, ಮೂರು ಎಂದು ಗುರುತು ಮಾಡಿ, ಪ್ರತಿಯೊಂದರ ನಾಲ್ಕು ಬದಿಯ ಫೋಟೋ ತೆಗೆದಿಟ್ಟುಕೊಂಡು ಟಬ್ಬಿಗೆ ಇಳಿಸಿ. ಯಾವ ಜೀವಿ ಯಾವ ಕಲ್ಲಿನ ಯಾವ ತೂತಿನಲ್ಲಿದೆ ಎಂದು ಬರೆದುಕೊಂಡರೆ ಮುಂದೆ ಅದೊಂದೇ ಕಲ್ಲನ್ನು ಎತ್ತಿದರೆ ಸಾಕು. ಮೀನು ಈಗಲೇ ಬೇಡ.

ರಾತ್ರಿಯ ನೋಟ

ಕೋಣೆಯ ದೀಪ ಆರಿಸಿ ಎರಡು ತಾಸು ಬಿಟ್ಟು ಕೆಂಪು ಹಾಳೆ ಸುತ್ತಿದ ಟಾರ್ಚು ಹಿಡಿದು ನೋಡಿ. ಈ ಜೀವಿಗಳಲ್ಲಿ ಹಲವಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣದು, ಓಡಿಹೋಗುವುದಿಲ್ಲ. ನೋಡುವ ಮೊದಲು ಪಂಪ್ ನಿಲ್ಲಿಸಿ, ಚಿಟಿಕೆ ಮೀನಿನ ಆಹಾರವನ್ನು ಪುಡಿಮಾಡಿ ಹಾಕಿ, ಐದು ನಿಮಿಷ ಅಲುಗಾಡದೆ ಕೂತು ನೋಡಿ. ಊಟ ಮಾಡುವ ರೀತಿಯೇ ಜೀವಿಯ ಅತ್ಯಂತ ನಂಬಿಕಸ್ತ ಗುರುತು. ಬಣ್ಣ ನಂಬಬೇಡಿ, ಅದು ಬೆಳಕಿನೊಂದಿಗೆ, ವಯಸ್ಸಿನೊಂದಿಗೆ ಬದಲಾಗುತ್ತದೆ. ಕಾಲೆಷ್ಟು, ಕೊಕ್ಕೆ ಹೇಗಿದೆ, ಎಲ್ಲಿ ಅಂಟಿದೆ, ಏನು ತಿನ್ನುತ್ತದೆ, ಎಷ್ಟು ದೊಡ್ಡದು ಎಂಬ ಐದು ಸಂಗತಿ ಬರೆದುಕೊಳ್ಳಿ. ಗಾತ್ರಕ್ಕೆ ಅಳತೆಪಟ್ಟಿ ನೀರಿನೊಳಗೆ ಹಿಡಿಯಲಾಗದಿದ್ದರೆ ಕಾಳಿನ ಲೆಕ್ಕ ಸಾಕು: ಸಾಸಿವೆ, ಸಜ್ಜೆ, ಜೋಳ, ತೊಗರಿ.

ಮೊದಲ ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆರಡು ಸಲ ನೋಡಿದರೆ ಸಾಕು. ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಬಿಟ್ಟುಬಿಟ್ಟು ಚಿಮ್ಮುತ್ತಿದ್ದರೆ ಅವು ಕೋಪಿಪಾಡ್. ಜೋಳದಿಂದ ತೊಗರಿಯಷ್ಟು ಗಾತ್ರದ, ಎರಡು ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿ, ಬಾಗಿದ ಬೆನ್ನಿನ ಮರಿ ಸೀಗಡಿಯಂತೆ ಕಂಡರೆ ಆಂಫಿಪಾಡ್. ಇವೆರಡೂ ಇದ್ದಷ್ಟು ಒಳ್ಳೆಯದು. ಕೊಳೆ ತಿಂದು ಮೀನಿಗೆ ಆಹಾರವಾಗುತ್ತವೆ.

ಹುಳುಗಳು

ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾಗುವುದು ಬ್ರಿಸಲ್ ಹುಳು. ತಿಳಿಗುಲಾಬಿ ಅಥವಾ ಬೂದು ಮೈ, ಎರಡೂ ಬದಿಗೆ ಗಾಜಿನ ಎಳೆಯಂಥ ಬಿಳಿ ರೋಮ, ಉದ್ದ ಎರಡರಿಂದ ಹದಿನೈದು ಸೆಂಟಿಮೀಟರ್. ಹಗಲು ಬಿರುಕಿನಲ್ಲಿದ್ದು, ರಾತ್ರಿ ಬಂದು ಮೀನು ಬಿಟ್ಟ ಆಹಾರ, ಸತ್ತ ಜೀವಿ ತಿನ್ನುತ್ತದೆ. ಸತ್ತ ಬಸವನಹುಳುವಿನ ಸುತ್ತ ಇವು ಮುತ್ತಿದ್ದು ಕಂಡು ಇವೇ ಕೊಂದವು ಎಂದುಕೊಳ್ಳುತ್ತಾರೆ, ನಿಜವಾಗಿ ಇವು ಬಂದದ್ದು ಅದು ಸತ್ತ ಮೇಲೆ. ಇವುಗಳ ಸಂಖ್ಯೆ ವಿಪರೀತ ಏರಿದೆ ಎಂದರೆ ನೀವು ಆಹಾರ ಹೆಚ್ಚು ಹಾಕುತ್ತಿದ್ದೀರಿ. ಬರಿಗೈಯಲ್ಲಿ ಮುಟ್ಟಿ ರೋಮ ಚುಚ್ಚಿಕೊಂಡರೆ ಉಜ್ಜದೆ ಸೆಲ್ಲೋಟೇಪ್ ಅಂಟಿಸಿ ಎಳೆದು ತೆಗೆಯಿರಿ.

ತೆಗೆಯಬೇಕಾದದ್ದು ಇದರ ನೆಂಟ, ಗಡ್ಡದ ಬೆಂಕಿಹುಳು. ಮೈ ದಪ್ಪ, ಬಿಳಿ ರೋಮದ ಗೊಂಚಲುಗಳ ಬುಡದಲ್ಲಿ ಕೆಂಪು ಅಥವಾ ಕಿತ್ತಳೆ ಕವಲು, ಹಗಲಿನಲ್ಲೂ ಹವಳದ ಕೊಂಬೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಕೂತಿರುತ್ತದೆ. ಇದು ಅಟ್ಲಾಂಟಿಕ್, ಮೆಡಿಟರೇನಿಯನ್ ಕಡೆಯದು. ನಿಮ್ಮ ಕಲ್ಲು ಕೆರಿಬಿಯನ್‌ನಿಂದ ಬಂದದ್ದಾದರೆ ಮಾತ್ರ ಇದರ ಚಿಂತೆ.

ಯೂನಿಸ್ ಕುಟುಂಬದ ಹುಳುವಿನ ತಲೆಯ ಮೇಲೆ ಐದು ಎಳೆಗಳಿರುತ್ತವೆ, ಮೈ ಪಾರಿವಾಳದ ಕೊರಳಿನಂತೆ ಬಣ್ಣ ಬದಲಿಸಿ ಹೊಳೆಯುತ್ತದೆ. ಬಾಬಿಟ್ ಹುಳು ಎಂದು ಹೆಸರಾದದ್ದು ಇದೇ ಕುಟುಂಬದ ದೊಡ್ಡಣ್ಣ. ಮೂರು ಮೀಟರ್‌ವರೆಗೆ ಬೆಳೆದು ಮೀನನ್ನೇ ಹಿಡಿಯುತ್ತದೆ. ಬೆರಳುದ್ದಕ್ಕಿಂತ ಸಣ್ಣವನ್ನು ಗಮನಿಸುತ್ತಿದ್ದರೆ ಸಾಕು, ದೊಡ್ಡದನ್ನು ಆ ಕಲ್ಲಿನ ಸಮೇತ ಹೊರತನ್ನಿ. ಅರ್ಧ ಹೊರಬಂದದ್ದನ್ನು ಎಳೆದು ತುಂಡು ಮಾಡಬೇಡಿ. ಒಳಗುಳಿದ ಭಾಗ ಕೊಳೆತು ಅಮೋನಿಯಾ ಏರಿಸುತ್ತದೆ, ಇಲ್ಲವೇ ಮತ್ತೆ ಬೆಳೆಯುತ್ತದೆ.

ಉಳಿದವು ನೆಮ್ಮದಿಯ ನೆಂಟರು. ತೂತಿನಿಂದ ಶಾವಿಗೆಯಂಥ ಬಿಳಿ ಎಳೆಗಳು ಹರಡಿ ಕೊಳೆ ಬಾಚುತ್ತಿದ್ದರೆ ಅದು ಟೆರೆಬೆಲ್ಲಿಡ್ ಹುಳು. ನಳಿಕೆಯಿಂದ ಬೀಸಣಿಗೆಯಂತೆ ಅರಳಿ, ನೆರಳು ಬಿದ್ದರೆ ಸರ್ರನೆ ಒಳಸರಿಯುವುದು ಗರಿಹುಳು. ಗಾಜಿನ ಮೇಲೆ ಸಾಸಿವೆಯಷ್ಟು ಬಿಳಿ ಸುರುಳಿಗಳು ಸ್ಪೈರಾರ್ಬಿಸ್, ಉಪದ್ರವ ಏನೂ ಇಲ್ಲ.

ಗರಿಹುಳುವಿನಂತೆಯೇ ನಳಿಕೆ ಕಟ್ಟಿಕೊಂಡು ಮೋಸ ಮಾಡುವುದು ವರ್ಮೆಟಿಡ್ ಬಸವನಹುಳು. ಆಹಾರದ ಪುಡಿ ಹಾಕಿದಾಗ ಬೀಸಣಿಗೆ ಅರಳದೆ, ಜೇಡರ ಬಲೆಯಂಥ ಅಂಟಿನ ಎಳೆಗಳು ನೀರಲ್ಲಿ ತೇಲಿದರೆ ಅದೇ. ಆ ಎಳೆ ತಾಗಿದ ಹವಳ ಮೊಗ್ಗು ತೆರೆಯುವುದಿಲ್ಲ. ನಳಿಕೆಯನ್ನು ಬುಡಕ್ಕೆ ಮುರಿದು, ಉಳಿದ ತೂತಿನ ಮೇಲೆ ಸೈನೋಅಕ್ರಿಲೇಟ್ ಜೆಲ್ ಅಂಟು ಒಂದು ಹನಿ ಇಟ್ಟು ಮುಚ್ಚಿ. ಬರೀ ಮುರಿದರೆ ಒಳಗಿನದು ಮತ್ತೆ ನಳಿಕೆ ಕಟ್ಟುತ್ತದೆ.

ಹೂವಿನಂಥ ಕಳೆ: ಐಪ್ಟೇಸಿಯಾ

ಕಂದು ಬಣ್ಣದ, ಅರೆಪಾರದರ್ಶಕ ಕಾಂಡ. ಅದರ ಮೇಲೆ ತಟ್ಟೆ, ತಟ್ಟೆಯಂಚಿಗೆ ಉದ್ದವಾಗಿ ತುದಿಗೆ ಚೂಪಾಗುವ ಎಳೆಗಳು. ಸಿರಿಂಜಿನ ನೀರು ಚಿಮ್ಮಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೂತಿನೊಳಗೆ ಮಾಯ. ಎಳೆಗಳು ಗಿಡ್ಡವಾಗಿದ್ದು ತುದಿ ದುಂಡಗೆ ಉಬ್ಬಿದ್ದರೆ ಅದು ಮಜಾನೋ. ಚಿಕಿತ್ಸೆ ಎರಡಕ್ಕೂ ಒಂದೇ.

ಮಾಡಬಾರದ್ದು: ಕೀಳುವುದು, ಕತ್ತರಿಸುವುದು, ಉಜ್ಜುವುದು. ಪಾದದ ಒಂದು ಚೂರು ಕಲ್ಲಿನ ಮೇಲೆ ಉಳಿದರೂ ಹೊಸ ಗಿಡವಾಗುತ್ತದೆ.

ಮಾಡಬೇಕಾದದ್ದು: ಒಂದು ಟೀ ಚಮಚ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಗೆ ಹನಿಹನಿಯಾಗಿ ಆರ್‌ಒ ನೀರು ಹಾಕಿ ಇಡ್ಲಿ ಹಿಟ್ಟಿನಷ್ಟು ಮಂದ ಕಲಸಿ. ಎಲೆ ಅಡಿಕೆಯ ಸುಣ್ಣವೂ ಮೂಲದಲ್ಲಿ ಇದೇ ವಸ್ತು. ಆದರೆ ಡಬ್ಬಿಯಲ್ಲಿ ಸಿಗುವುದಕ್ಕೆ ಬಣ್ಣ, ಸುವಾಸನೆ ಬೆರೆಸಿರಬಹುದು, ಅದನ್ನು ಬಳಸಬೇಡಿ. ಪಂಪ್ ನಿಲ್ಲಿಸಿ, ಮೊಂಡು ಸೂಜಿಯ ಸಿರಿಂಜನ್ನು ಮೆಲ್ಲಗೆ ಒಯ್ದು ತಟ್ಟೆಯ ನಡುವಿನ ಬಾಯಿಯ ಮೇಲೆ ಕಡಲೆಕಾಳಿನಷ್ಟು ಇಡಿ. ಅದು ಆಹಾರವೆಂದು ನುಂಗುತ್ತದೆ; ಮುದುಡಿದ ಮೇಲೆ ತೂತಿನ ಬಾಯಿಗೂ ಸ್ವಲ್ಪ ಮೆತ್ತಿ. ಹದಿನೈದು ನಿಮಿಷ ಬಿಟ್ಟು ಪಂಪ್ ಹಾಕಿ. ಸುಣ್ಣ ಪಿಎಚ್ ಏರಿಸುತ್ತದೆ, ಅದಕ್ಕೆ 40 ಲೀಟರಿನ ಟಬ್ಬಿನಲ್ಲಿ ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಕಣ್ಣಿಗೆ ಕನ್ನಡಕ ಇರಲಿ. ವಾರ ಬಿಟ್ಟು ನೋಡಿದರೆ ಪಕ್ಕದಲ್ಲಿ ಮರಿ ಎದ್ದಿರಬಹುದು, ಮತ್ತೆ ಅದೇ ಕೆಲಸ. ಪೆಪ್ಪರ್‌ಮಿಂಟ್ ಸೀಗಡಿ ಸಣ್ಣ ಐಪ್ಟೇಸಿಯಾಗಳನ್ನು ತಿನ್ನುತ್ತದೆ, ಆದರೆ ಎಲ್ಲವೂ ತಿನ್ನುವುದಿಲ್ಲ. ಬೇರೆ ಆಹಾರ ಸಿಕ್ಕರೆ ಇದರ ಕಡೆ ತಿರುಗಿಯೂ ನೋಡುವುದಿಲ್ಲ.

ಟಕ್ ಎನ್ನುವವರು, ಕೊಕ್ಕೆಯವರು

ರಾತ್ರಿ ಟಬ್ಬಿನಿಂದ ಟಕ್ ಟಕ್ ಸದ್ದು ಬಂದರೆ ಎದೆಯೊಡೆದುಕೊಳ್ಳಬೇಡಿ. ಸದ್ದು ಮಾಡುವವು ಎರಡು. ಪಿಸ್ತೂಲ್ ಸೀಗಡಿಯ ಒಂದು ಕೊಕ್ಕೆ ಇನ್ನೊಂದಕ್ಕಿಂತ ಬಹಳ ದೊಡ್ಡದು, ಅದನ್ನು ಚಟಕ್ಕನೆ ಮುಚ್ಚಿ ಸದ್ದು ಮಾಡುತ್ತದೆ. ಹೆಚ್ಚಿನವು ನಿರುಪದ್ರವಿ, ಕೆಲವು ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ. ಮ್ಯಾಂಟಿಸ್ ಸೀಗಡಿಗೆ ಕಡ್ಡಿಯ ಮೇಲೆ ಕೂತು ಬೇರೆಬೇರೆ ಕಡೆ ತಿರುಗುವ ಕಣ್ಣು, ಎದೆಗೆ ಮಡಚಿಕೊಂಡ ಕೈ. ಇದು ಏಡಿ, ಬಸವನಹುಳು, ಸಣ್ಣ ಮೀನು ಎಲ್ಲವನ್ನೂ ಒಡೆದು ತಿನ್ನುತ್ತದೆ. ಟಬ್ಬಿನ ತಳದಲ್ಲಿ ಒಡೆದ ಚಿಪ್ಪಿನ ಚೂರುಗಳು ದಿನವೂ ಸಿಗುತ್ತಿದ್ದರೆ ಇದರ ಮೇಲೆಯೇ ಸಂಶಯ ಇರಲಿ. ಬೆರಳು ಸೀಳುವಷ್ಟು ಪೆಟ್ಟು ಹಾಕುವ ಪ್ರಾಣಿ, ಬರಿಗೈ ಬೇಡ.

ತೆಗೆಯುವ ಬಗೆ ಸರಳ. ಅದು ಕೂತ ತೂತು ಗುರುತಿಸಿಕೊಂಡು ಆ ಕಲ್ಲನ್ನು ಟಬ್ಬಿನಿಂದ ಎತ್ತಿ ಉಪ್ಪುನೀರಿನ ಬಕೆಟ್ಟಿನ ಮೇಲೆ ಹಿಡಿಯಿರಿ. ಸಿರಿಂಜಿನಿಂದ ಸಾದಾ ಸೋಡಾವನ್ನು ತೂತಿಗೆ ಚಿಮ್ಮಿಸಿ. ಉಪ್ಪು, ನಿಂಬೆ, ಸಕ್ಕರೆ ಇಲ್ಲದ ಸೋಡಾ ಇರಬೇಕು. ಇಂಗಾಲದ ಡೈಆಕ್ಸೈಡಿಗೆ ಉಸಿರುಕಟ್ಟಿ ಜೀವಿ ಹೊರಹಾರುತ್ತದೆ. ಕಲ್ಲನ್ನು ಮೊದಲ ಬಕೆಟ್ಟಿನಲ್ಲಿ ತೊಳೆದು ಟಬ್ಬಿಗೆ ಮರಳಿಸಿ. ಏಡಿಗೂ ಇದೇ ಉಪಾಯ.

ಏಡಿಯ ಕೊಕ್ಕೆಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಚಮಚದಂತೆ ಅಗಲವಾಗಿ ತಗ್ಗಾಗಿದ್ದರೆ ಪಾಚಿ ಕೆರೆದು ತಿನ್ನುವಂಥದು. ಚೂಪಾಗಿ, ಕಪ್ಪಾಗಿದ್ದು ಮೈಕಾಲು ರೋಮಮಯವಾಗಿದ್ದರೆ ಗೊರಿಲ್ಲಾ ಏಡಿ ಎನ್ನುವ ಗುಂಪು, ಹವಳ ಹರಿಯುತ್ತದೆ, ತೆಗೆಯಿರಿ. ಚಪ್ಪಟೆ ಮೈ, ಉದ್ದ ಮೀಸೆ, ಬಾಯಿಯ ಹತ್ತಿರ ಗರಿಯಂಥದನ್ನು ಬೀಸುತ್ತಿದ್ದರೆ ಪೋರ್ಸಿಲಿನ್ ಏಡಿ, ಇರಲಿ. ಪೊಸಿಲ್ಲೋಪೋರಾ ಹವಳದ ಕೊಂಬೆಗಳ ನಡುವೆಯೇ ಸದಾ ಇರುವ ನುಣುಪು ಮೈಯ ಸಣ್ಣ ಟ್ರಪೀಜಿಯಾ ಏಡಿಯನ್ನು ಎಂದೂ ತೆಗೆಯಬೇಡಿ. ಹವಳ ತಿನ್ನುವ ನಕ್ಷತ್ರಮೀನಿನ ಮೇಲೆಯೇ ಏರಿಹೋಗಿ ತನ್ನ ಹವಳವನ್ನು ಕಾಯುವ ಜೀವಿ ಅದು.

ಸೋಡಾಕ್ಕೆ ಬಗ್ಗದವಕ್ಕೆ ಬಾಟಲಿ ಬೋನು. ಅರ್ಧ ಲೀಟರಿನ ನೀರಿನ ಬಾಟಲಿಯ ಕೊರಳು ಕತ್ತರಿಸಿ, ತಿರುವಿ ಒಳಮುಖವಾಗಿ ಸಿಕ್ಕಿಸಿ, ಒಳಗೆ ಒಂದು ತುಂಡು ಹಸಿ ಸೀಗಡಿ ಮತ್ತು ಭಾರಕ್ಕೆ ಒಂದು ಗಾಜಿನ ಗೋಲಿ ಹಾಕಿ ರಾತ್ರಿ ಇಟ್ಟು ಬೆಳಿಗ್ಗೆ ಎತ್ತಿ. ತಡವಾದರೆ ಸೀಗಡಿ ಕೊಳೆಯುತ್ತದೆ.

ಮೀನಿಗೆ ಅಂಟುವ ಐಸೊಪಾಡ್, ಮತ್ತೆ ಕೆಲವು

ಐಸೊಪಾಡ್‌ಗಳಲ್ಲಿ ಎರಡು ಬಗೆಯನ್ನು ಬೇರೆ ಮಾಡಲು ಕಲಿಯಲೇಬೇಕು. ಎರಡೂ ಜೋಳದಿಂದ ತೊಗರಿಯಷ್ಟು ಗಾತ್ರ, ಬೆನ್ನು ಮೇಲಿನಿಂದ ಚಪ್ಪಟೆ. ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಂಡು, ನಿಧಾನವಾಗಿ ಹರಿದಾಡುವುದು ಸ್ಫೀರೊಮಾಟಿಡ್, ನಿರುಪದ್ರವಿ. ತಲೆಯ ತುಂಬ ಕಣ್ಣೇ ಎಂಬಂತೆ ದೊಡ್ಡ ಕಪ್ಪು ಕಣ್ಣಿದ್ದು, ಗುಂಡಿನಂತೆ ನೇರ ಈಜುವುದು ಸಿರೊಲಾನಿಡ್. ರಾತ್ರಿ ಮೀನಿನ ಮೈಗೆ ಅಂಟಿ ರಕ್ತ ಹೀರುತ್ತದೆ. ತಿಂಗಳುಗಟ್ಟಲೆ ಊಟವಿಲ್ಲದೆಯೂ ಬದುಕುವುದರಿಂದ ಹಸಿವಿನಿಂದ ಸಾಯಲಿ ಎಂದು ಕಾಯಬೇಡಿ. ಬಾಟಲಿ ಬೋನನ್ನು ಸತತ ಹಲವು ರಾತ್ರಿ ಇಟ್ಟು ಹಿಡಿಯಿರಿ.

ಎಳ್ಳಿನಿಂದ ಜೋಳದಷ್ಟು ಗಾತ್ರದ, ತುಕ್ಕು ಬಣ್ಣದ, ಬಾಲ ಕವಲೊಡೆದ ಚಪ್ಪಟೆಹುಳುಗಳು ಕಲ್ಲಿನ ಮೇಲೆ ಚಾಪೆ ಹಾಸಿದಂತೆ ಹರಡಿದರೆ ಔಷಧಿಗೆ ಕೈ ಹಾಕುವ ಮೊದಲು ಸಣ್ಣ ನಳಿಕೆಯಿಂದ ಆದಷ್ಟನ್ನೂ ಹೀರಿ ತೆಗೆಯಿರಿ. ಇವು ಒಟ್ಟಿಗೆ ಸತ್ತರೆ ಮೈಯಿಂದ ವಿಷ ಬಿಡುತ್ತವೆ. ಅದಕ್ಕೆ ತಾಜಾ ಆಕ್ಟಿವೇಟೆಡ್ ಕಾರ್ಬನ್ ಮತ್ತು ಬದಲಿಸಲು ನೀರು ಮೊದಲೇ ಸಿದ್ಧವಿರಲಿ.

ಬಸವನಹುಳುಗಳಲ್ಲಿ ಕಿವಿಯಾಕಾರದ ಪುಟ್ಟ ಚಿಪ್ಪು ಹೊತ್ತು ಚುರುಕಾಗಿ ಓಡುವ ಸ್ಟೊಮಟೆಲ್ಲಾ, ಬೆನ್ನಿಗೆ ಎಂಟು ಫಲಕಗಳ ಕೈಟಾನ್ ಎರಡೂ ಪಾಚಿ ಮೇಯುತ್ತವೆ. ಅಕ್ಕಿನುಚ್ಚಿನಂಥ ಬಿಳಿ ಪಿರಮಿಡೆಲ್ಲಿಡ್‌ಗಳು ಬೇರೆ ಬಸವನಹುಳುವಿನ ಚಿಪ್ಪಿನಂಚಿಗೆ ಗುಂಪಾಗಿ ಕೂತು ರಸ ಹೀರುತ್ತವೆ. ಮೆತ್ತನೆ ಬ್ರಷ್ಷಿನಿಂದ ಒರೆಸಿ ತೆಗೆಯಿರಿ. ತೂತಿನಿಂದ ಕೂದಲೆಳೆಯಂಥ ಕೈಗಳನ್ನು ಬೀಸುವ ಪುಟ್ಟ ಬ್ರಿಟಲ್ ಸ್ಟಾರ್ ಇರಲಿ. ತೋಳುಗಳು ಏರುಪೇರಾದ ಬೂದು ಬಣ್ಣದ ಆಸ್ಟರೀನಾ ಹೆಚ್ಚಾಗಿ ಪಾಚಿಯ ಪೊರೆಯನ್ನೇ ತಿನ್ನುತ್ತದೆ, ಜೋಅಂಥಿಡ್ (ಪ್ಯಾಲಿಥೋವಾ ಸೇರಿದ ಗುಂಪು) ಮೊಗ್ಗುಗಳ ಮೇಲೆ ಪದೇಪದೇ ಕಂಡರೆ ಮಾತ್ರ ಆರಿಸಿ. ಹಸಿರು ಗಾಜಿನ ಮಣಿಯಂಥ ವಲೋನಿಯಾ ಪಾಚಿಯನ್ನು ಟಬ್ಬಿನ ಹೊರಗೆ, ಒಡೆಯದಂತೆ ಬುಡದಿಂದ ಬಿಡಿಸಿ.

ಟಬ್ಬಿನ ಆರೈಕೆ, ನಮ್ಮ ಬಿಸಿಲಿಗೆ

ದಾರಿಯಲ್ಲಿ ಸತ್ತ ಜೀವಿಗಳು ಕೊಳೆತು ಮೊದಲ ಎರಡು ವಾರ ಅಮೋನಿಯಾ ಏರುತ್ತದೆ. ದಿನ ಬಿಟ್ಟು ದಿನ ಪರೀಕ್ಷಿಸಿ, ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದರೆ ಅರ್ಧ ನೀರು ಬದಲಿಸಿ. ಉಷ್ಣತೆ, ಪಿಎಚ್ ಎರಡೂ ಹೆಚ್ಚಾದಷ್ಟು ಅಮೋನಿಯಾದ ವಿಷ ಹೆಚ್ಚು. ಬೇಸಿಗೆಯಲ್ಲಿ ಇದನ್ನು ಮರೆಯಬಾರದು. ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಸ್ಪಂಜು ಕಂಡರೆ ಚಿಮಟದಿಂದ ಕಿತ್ತು ತೆಗೆಯಿರಿ.

ಕಲಬುರಗಿ, ಯಾದಗಿರಿಯ ಬೇಸಿಗೆ 42 ಡಿಗ್ರಿ ದಾಟುತ್ತದೆ, ಆದರೆ ಗಾಳಿ ಒಣಗಿರುತ್ತದೆ. ಅದು ನಮಗೆ ಅನುಕೂಲ. ಟಬ್ಬಿನ ಮೇಲೆ ಅಡ್ಡಲಾಗಿ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇಷ್ಟು ಇಳಿಯದು. ಅಷ್ಟೇ ವೇಗವಾಗಿ ನೀರೂ ಕಡಿಮೆಯಾಗುತ್ತದೆ. ಟಬ್ಬಿಗೆ ಗೆರೆ ಎಳೆದಿಟ್ಟು ಬೆಳಿಗ್ಗೆ, ಸಂಜೆ ಸಾದಾ ಆರ್‌ಒ ನೀರು ತುಂಬಿ. ಉಪ್ಪು ಆವಿಯಾಗುವುದಿಲ್ಲ, ಉಪ್ಪುನೀರು ಸೇರಿಸಿದರೆ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಫ್ಯಾನಿನಿಂದ 28 ಡಿಗ್ರಿಯೊಳಗೆ ನಿಲ್ಲದಿದ್ದರೆ ಚಿಲ್ಲರ್ ಅಥವಾ ಎಸಿ ಕೋಣೆ ಬೇಕೇ ಬೇಕು. ಬೀದರಿನ ಡಿಸೆಂಬರ್ ರಾತ್ರಿಗಳಿಗೆ ಇದರ ತದ್ವಿರುದ್ಧ, 100 ವ್ಯಾಟ್ ಹೀಟರ್ ಇಡಿ. ಕರೆಂಟ್ ಹೋದಾಗ ಓಡಲು ಬ್ಯಾಟರಿಯ ಗಾಳಿ ಪಂಪ್ ಇರಲಿ. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ಹೊಡೆಯಬಾರದು. ಅವುಗಳ ಪೈರೆಥ್ರಾಯ್ಡ್ ಸೀಗಡಿ, ಏಡಿಗಳನ್ನೂ ಕೀಟದಂತೆಯೇ ಕೊಲ್ಲುತ್ತದೆ.

ಕಲ್ಲನ್ನು ಮುಖ್ಯ ತೊಟ್ಟಿಗೆ ಒಯ್ಯಲು ಅಮೋನಿಯಾ, ನೈಟ್ರೈಟ್ ಸತತ ಒಂದು ವಾರ ಸೊನ್ನೆ ಇರಬೇಕು, ಕೊನೆಯ ಎರಡು ವಾರದ ರಾತ್ರಿ ನೋಟದಲ್ಲಿ ಹೊಸ ಕೆಟ್ಟ ಜೀವಿ ಕಂಡಿರಬಾರದು. ಸಾಮಾನ್ಯವಾಗಿ ಆರು ವಾರ ಹಿಡಿಯುತ್ತದೆ. ಮೀನಿದ್ದ ತೊಟ್ಟಿಯಿಂದ ಬಂದ ಕಲ್ಲಾದರೆ ಹತ್ತು ಹನ್ನೊಂದು ವಾರ ಕಾಯಿರಿ. ಬಿಳಿಚುಕ್ಕೆ ರೋಗದ ಪರೋಪಜೀವಿ ಕಲ್ಲಿಗೆ ಅಂಟಿ ಕೋಶದೊಳಗೆ ಅಷ್ಟು ದಿನ ಇರಬಲ್ಲದು. ಮೀನು ಸಿಗದಿದ್ದರೆ ಆ ಹೊತ್ತಿಗೆ ಮುಗಿದುಹೋಗುತ್ತದೆ. ಟಬ್ಬಿನ ನೀರನ್ನು ಮುಖ್ಯ ತೊಟ್ಟಿಗೆ ಸೇರಿಸದೆ, ಕಲ್ಲೊಂದನ್ನೇ ಹೊಸ ಉಪ್ಪುನೀರಿನಲ್ಲಿ ಅದ್ದಿ ಇಳಿಸಿ.

ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಿ. ಅಂಗಳದ ಬೇವಿಗೋ ತುಳಸಿಗೋ ಹಾಕಬೇಡಿ. ನಮ್ಮ ಎರೆಮಣ್ಣಿಗೆ ಸೋಡಿಯಂ ಸೇರಿದರೆ ಅದು ಒಣಗಿದಾಗ ಹೆಂಟೆಗಟ್ಟಿ ನೀರು ಇಂಗುವುದೇ ನಿಲ್ಲುತ್ತದೆ, ಆ ಜಾಗದಲ್ಲಿ ಗರಿಕೆ ಕೂಡ ಬೇಗ ಏಳುವುದಿಲ್ಲ.